ಹಾಲೆಷ್ಟು, ನೀರೆಷ್ಟು? ಆಮೇಲೆ ಯಂತ್ರ ನೋಡಿ

ನಮ್ಮದು ಚಿತ್ರದುರ್ಗ ಸೀಮೆಯ ಮಳೆಯಾಶ್ರಿತ ಜಮೀನು. ಎರಡು ಎಮ್ಮೆ, ಒಂದು ಆಕಳು ಇವೆ. 2023ರ ಬರದಲ್ಲಿ ಶೇಂಗಾ ಬಿತ್ತಿದ ಬೀಜದ ದುಡ್ಡೂ ಹುಟ್ಟಲಿಲ್ಲ. ಆ ವರ್ಷ ಮನೆ ನಡೆದದ್ದು ಬೆಣ್ಣೆ, ತುಪ್ಪದಿಂದಲೇ. ಇದನ್ನೇ ದೊಡ್ಡದಾಗಿ ಮಾಡೋಣ ಅಂತ ನನಗೆ ಹುಚ್ಚು ಹಿಡೀತು. ಮನೆಯಾಕೆ ಬೇಡ ಅಂದರೂ ಕೇಳದೆ ಎರಡು ಕುರಿ ಮಾರಿ, ಕೈಯಲ್ಲಿ ತಿರುಗಿಸುವ ಕೆನೆ ತೆಗೆಯುವ ಯಂತ್ರ ತಂದೆ. ಅದೀಗ ಅಟ್ಟದ ಮೇಲಿದೆ. ಯಾಕೆ ಅಂತ ಬರೆದರೆ ಕೆಲವರ ದುಡ್ಡಾದರೂ ಉಳಿದೀತು.

ಯಂತ್ರದ್ದು ತಪ್ಪಿಲ್ಲ

ಕರೆದ ಹಾಲನ್ನು ಉಗುರುಬೆಚ್ಚಗೆ, ಸುಮಾರು 40 ಡಿಗ್ರಿಗೆ ಕಾಸಿ ಸುರಿದು ಹಿಡಿ ತಿರುಗಿಸಿದರೆ ಒಂದು ಮೂತಿಯಲ್ಲಿ ಕೆನೆ, ಇನ್ನೊಂದರಲ್ಲಿ ತೆಳು ಹಾಲು ಬರುತ್ತೆ. ಕೆಲಸ ಚೊಕ್ಕ. ಆದರೆ ನಮ್ಮಲ್ಲಿ ದಿನಕ್ಕೆ ಸಿಗೋದು 8 ಲೀಟರ್ ಹಾಲು. ತಿರುಗಿಸೋದು ಹತ್ತು ನಿಮಿಷ, ತೊಳೆಯೋದು ಅರ್ಧ ಗಂಟೆ. ಒಳಗಿನ ತಟ್ಟೆಗಳನ್ನು ಒಂದೊಂದಾಗಿ ಬಿಚ್ಚಿ ಬಿಸಿನೀರಲ್ಲಿ ಉಜ್ಜಬೇಕು. ಒಂದು ಹೊತ್ತು ಬಿಟ್ಟರೆ ವಾಸನೆ ಬಂದು ಮರುದಿನದ ಹಾಲೂ ಕೆಡುತ್ತೆ.

ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವವರು ನಾವು. "ಕಡಗೋಲಾದ್ರೆ ಒಂದು ಚೊಂಬು ನೀರಲ್ಲಿ ತೊಳಿತೀನಿ. ಇದಕ್ಕೆ ದಿನಾ ಎರಡು ಬಿಂದಿಗೆ ನೀವು ಹೊತ್ತು ತರ್ತೀರಾ?" ಅಂದಳು. ಉತ್ತರ ಇರಲಿಲ್ಲ. ಅದೂ ಅಲ್ಲದೆ ಮನೆಗೆ, ಆಳುಗಳಿಗೆ ಮಜ್ಜಿಗೆಯೇ ಇಲ್ಲದಂತಾಯಿತು. ಉಳಿದ ತೆಳು ಹಾಲನ್ನು ಊರಲ್ಲಿ ಕೊಳ್ಳುವವರಿಲ್ಲ.

ಈಗ ನಾವು ಬಳಸೋದು

ಕಡೆಯಲು: ಸ್ಟೀಲ್ ಪಾತ್ರೆಯ ಮೇಲೆ ಕೂರುವ ಕರೆಂಟಿನ ಕಡಗೋಲು. ತೊಳೆಯೋದು ಕೋಲು, ಪಾತ್ರೆ ಎರಡೇ. ಕರೆಂಟ್ ನಂಬುವಂತಿಲ್ಲ, ಹಳೇ ಮರದ ಕಡಗೋಲು, ಹಗ್ಗ ಗೋಡೆಗೆ ಇದ್ದೇ ಇವೆ. ಬೇಸಿಗೆಯಲ್ಲಿ ಹೊತ್ತು ಹುಟ್ಟೋಕೆ ಮುಂಚೆ ಕಡೆದು, ತಣ್ಣೀರು ಹಾಕಿದರೆ ಬೆಣ್ಣೆ ಗಟ್ಟಿಯಾಗಿ ಕೂಡುತ್ತೆ. ಚಳಿಗಾಲದಲ್ಲಿ ತುಸು ಬೆಚ್ಚನೆ ನೀರು ಬೇಕು.

ಹೆಪ್ಪು ಹಾಕಲು: ಸ್ಟೀಲ್ ಅಥವಾ ಮಣ್ಣಿನ ಗಡಿಗೆ. ಗಡಿಗೆಯಲ್ಲಿ ಮೊಸರು ತಂಪಾಗಿರುತ್ತೆ, ಆದರೆ ಅದು ಜಿಡ್ಡು ಹೀರುತ್ತೆ. ಬಿಸಿನೀರಲ್ಲಿ ತೊಳೆದು ಬಿಸಿಲಿಗಿಡಬೇಕು. ಕಲಾಯಿ ಹೋದ ಹಿತ್ತಾಳೆ, ತಾಮ್ರದಲ್ಲಿ ಮೊಸರು ಇಡಲೇಬೇಡಿ, ಕಿಲುಬು ಬಿಡುತ್ತೆ. ಅಲ್ಯೂಮಿನಿಯಂಗೂ ಹುಳಿ ಆಗದು.

ಕಾಸಲು: ದಪ್ಪ ತಳದ ಪಾತ್ರೆ. ತೆಳು ತಳದ್ದರಲ್ಲಿ ಹಾಲು, ಖೋವಾ ತಳ ಹಿಡಿದರೆ ಸುಟ್ಟ ವಾಸನೆ ಹೋಗೋದಿಲ್ಲ.

ಪನೀರಿಗೆ ಯಂತ್ರ ಬೇಡ

ಹಬ್ಬ, ಮದುವೆ ಸಮಯದಲ್ಲಿ ಪನೀರ್ ಕೇಳುತ್ತಾರೆ. ಇದಕ್ಕೆ ಬೇಕಾದ್ದು ಪಾತ್ರೆ, ತೆಳ್ಳನೆ ಹತ್ತಿ ಬಟ್ಟೆ, ತೂತಿನ ಡಬ್ಬಿ, ಒಂದು ಕಲ್ಲು. ದುಡ್ಡು ಕೊಟ್ಟು ತಂದದ್ದು ಉಷ್ಣಮಾಪಕ ಒಂದೇ, ಅದು ಮಾತ್ರ ದಂಡವಾಗಲಿಲ್ಲ. ಎಮ್ಮೆ ಹಾಲು ಕುದಿಬಂದ ಮೇಲೆ 70-75 ಡಿಗ್ರಿಗೆ ಇಳಿಸಿ, ನಿಂಬೆರಸವನ್ನು ಸ್ವಲ್ಪ ಸ್ವಲ್ಪವೇ ಹಾಕಿ ಮೆಲ್ಲಗೆ ಕೈಯಾಡಿಸಬೇಕು. ನೀರು ತಿಳಿ ಹಸಿರಾಗಿ ಬಿಟ್ಟುಕೊಂಡ ಕೂಡಲೇ ನಿಲ್ಲಿಸಿ. ಹುಳಿ ಹೆಚ್ಚಾದರೆ ಪನೀರ್ ಗಡುಸಾಗುತ್ತೆ. ಬಟ್ಟೆಯಲ್ಲಿ ಸೋಸಿ, ಡಬ್ಬಿಗೆ ತುಂಬಿ, ಹದಿನೈದು ನಿಮಿಷ ಕಲ್ಲು ಹೇರಿ, ಆಮೇಲೆ ಕುದಿಸಿ ಆರಿಸಿದ ತಣ್ಣೀರಲ್ಲಿಡಬೇಕು. ನಮಗೆ 5 ಲೀಟರಿಗೆ ಒಂದು ಕೆಜಿ ಹತ್ತಿರ ಬರುತ್ತೆ. ಸೋಸಿದ ನೀರು ಎಮ್ಮೆಯ ಬೂಸಾಕ್ಕೆ. ಬಟ್ಟೆಯನ್ನು ಪ್ರತಿ ಸಲ ಕುದಿಸಿ, ಬಿಸಿಲಲ್ಲಿ ಒಣಗಿಸಿ.

ಕೊಳ್ಳುವ ಮುಂಚೆ

ಒಂದು ತಿಂಗಳು ಹಾಲಿನ ಲೆಕ್ಕ ಬರೆದಿಡಿ. ಎಮ್ಮೆ ಬತ್ತಿದಾಗ ಎಷ್ಟು ಅನ್ನೋದನ್ನೂ ಸೇರಿಸಿ. ತೊಳೆಯಲು ಎಷ್ಟು ನೀರು, ಯಾರು ತೊಳೆಯುವವರು ಅಂತ ಕೇಳಿ. ಅಂಗಡಿಯಲ್ಲಿ ಯಂತ್ರವನ್ನು ನೀವೇ ಬಿಚ್ಚಿ ಜೋಡಿಸಿ ನೋಡಿ. ಕೈ ಹೋಗದ ಸಂದಿ ಇದ್ದರೆ ಬಿಟ್ಟು ಬನ್ನಿ. ಮಾರುವವರು ಆಹಾರ ಸುರಕ್ಷತೆ ಕಾಯ್ದೆಯಡಿ ನೋಂದಣಿ ಮಾಡಿಸಿಕೊಳ್ಳಬೇಕು.

ದಿನಾ ನಲವತ್ತು ಐವತ್ತು ಲೀಟರ್ ಹಾಲು, ಕೊಳವೆಬಾವಿಯಲ್ಲಿ ನೀರು ಇರುವವರಿಗೆ ನಮ್ಮ ಅಟ್ಟದ ಯಂತ್ರ ಖಂಡಿತ ಉಪಯೋಗ. ಕೊಡೋಕೆ ತಯಾರಿದ್ದೇನೆ. ಆದರೆ ತೊಳೆಯುವವರನ್ನು ಒಂದು ಮಾತು ಕೇಳಿಕೊಂಡು ಬನ್ನಿ.