ಬರಿದಾಗಿಯೇ ಉಳಿದ ಗುರುಪೀಠ

ಗುರು ತೀರಿಕೊಂಡ ಮೇಲೆ ಪೀಠಕ್ಕೆ ಯಾರು? ಯಾವ ಪಂಥಕ್ಕೂ ತಪ್ಪದ ಪ್ರಶ್ನೆ ಇದು. ಯೆಹೂದ್ಯರ ಹಸಿದಿ ಪಂಥದಲ್ಲಿ ಪೀಠ ಸಾಮಾನ್ಯವಾಗಿ ಮಗನಿಗೋ ಅಳಿಯನಿಗೋ ಹೋಗುತ್ತದೆ. ಆದರೆ ಬ್ರಾಟ್ಸ್‌ಲಾವ್‌ನ ರಬ್ಬಿ ನಹಮಾನರ ಶಿಷ್ಯರು 1810ರ ನಂತರ ಅವರ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಲೇ ಇಲ್ಲ.

ನಹಮಾನರು ಹುಟ್ಟಿದ್ದು 1772ರಲ್ಲಿ, ಇಂದಿನ ಉಕ್ರೇನಿಗೆ ಸೇರಿದ ಮೆಜಿಬೋಜ್ ಎಂಬ ಊರಿನಲ್ಲಿ. ಹಸಿದಿ ಪಂಥದ ಮೂಲಪುರುಷ ಬಾಲ್ ಶೆಮ್ ತೋವ್ ಅವರ ಮುತ್ತಜ್ಜ. ಹೀಗಾಗಿ ಗೌರವ ಹುಟ್ಟಿನಿಂದಲೇ ಬಂದಿತ್ತು. ಮನಸ್ಸಿನ ನೆಮ್ಮದಿ ಬಂದಿರಲಿಲ್ಲ. ಅವರ ಬದುಕು ಉತ್ಸಾಹ ಮತ್ತು ಖಿನ್ನತೆಗಳ ನಡುವೆ ತೂಗಾಡಿತು. 1798ರಲ್ಲಿ ಪವಿತ್ರಭೂಮಿಗೆ ಹೊರಟು, ನೆಪೋಲಿಯನ್ನನ ಯುದ್ಧದ ಗೊಂದಲದ ನಡುವೆ ಮರುವರ್ಷ ಮರಳಿದರು. 1802ರಲ್ಲಿ ಬ್ರಾಟ್ಸ್‌ಲಾವ್‌ನಲ್ಲಿ ನೆಲೆಸಿದರು. 1806ರಲ್ಲಿ ಎಳೆಯ ಮಗ, ಮರುವರ್ಷ ಪತ್ನಿ ತೀರಿಕೊಂಡರು. ಬಳಿಕ ಅವರನ್ನೂ ಕ್ಷಯರೋಗ ಹಿಡಿಯಿತು.

ದುಃಖವನ್ನು ಬಲ್ಲವರಾದ್ದರಿಂದಲೇ ಇರಬೇಕು, ಹತಾಶೆಗೆ ಎಡೆಗೊಡಬಾರದೆಂಬುದು ಅವರ ಬೋಧನೆಯ ತಿರುಳಾಯಿತು. ಅವರು ಹೇಳಿಕೊಟ್ಟ ಸಾಧನೆ ಸರಳ: ದಿನವೂ ಸ್ವಲ್ಪ ಹೊತ್ತು ಹೊಲಕ್ಕೋ ಕಾಡಿಗೋ ಒಬ್ಬರೇ ಹೋಗಿ ದೇವರೊಡನೆ ಮನಬಿಚ್ಚಿ ಮಾತನಾಡುವುದು. ಅದೂ ಶಾಸ್ತ್ರದ ಹೀಬ್ರೂವಿನಲ್ಲಲ್ಲ, ಮನೆಮಾತಾದ ಯಿಡ್ಡಿಷ್‌ನಲ್ಲಿ. ವಿಧಿಯಂತೆ ಹೇಳುವ ಪ್ರಾರ್ಥನೆ ಇದ್ದೇ ಇದೆ. ಸ್ವಂತ ಸಂಕಟ ತೋಡಿಕೊಳ್ಳಲು ಸ್ವಂತ ನುಡಿ ಬೇಕು ಎಂಬುದು ಇದರ ಭಾವ.

1806ರಿಂದ ಅವರು ಕಥೆ ಹೇಳತೊಡಗಿದರು. ಕಳೆದುಹೋದ ರಾಜಕುಮಾರಿ, ಏಳು ಮಂದಿ ಭಿಕ್ಷುಕರು ಮುಂತಾದ ಇವು ಮೇಲ್ನೋಟಕ್ಕೆ ಅಜ್ಜಿಕಥೆಗಳು. ಒಳಗೆ ಕಬ್ಬಾಲಾ ಎಂಬ ಯೆಹೂದ್ಯ ಅನುಭಾವದ ಸಂಕೇತಗಳು. ಶಿಷ್ಯ ನಾಥಾನ್ ಬರೆದಿಟ್ಟ ಈ ಕಥೆಗಳು 1815ರಲ್ಲಿ ಹೀಬ್ರೂ, ಯಿಡ್ಡಿಷ್ ಎರಡರಲ್ಲೂ ಅಚ್ಚಾದವು. 1906ರಲ್ಲಿ ದಾರ್ಶನಿಕ ಮಾರ್ಟಿನ್ ಬ್ಯೂಬರ್ ಅವುಗಳನ್ನು ಜರ್ಮನ್ ಭಾಷೆಯಲ್ಲಿ ಮರುನಿರೂಪಿಸಿದರು.

1810ರಲ್ಲಿ ನಹಮಾನರು ಉಮಾನ್ ಪಟ್ಟಣಕ್ಕೆ ಹೋದರು. 1768ರ ದಂಗೆಯಲ್ಲಿ ಸಾವಿರಾರು ಯೆಹೂದ್ಯರು ಕೊಲೆಯಾದ ಊರದು. ಆ ಹತಭಾಗ್ಯರ ಬಳಿಯೇ ತಮ್ಮ ಸಮಾಧಿಯೂ ಇರಬೇಕೆಂಬುದು ಅವರ ಬಯಕೆ. ಅದೇ ವರ್ಷ ಅಕ್ಟೋಬರಿನಲ್ಲಿ ಅಲ್ಲಿಯೇ ತೀರಿಕೊಂಡಾಗ ಅವರಿಗೆ 38 ವರ್ಷ.

ಸತ್ತ ಗುರುವನ್ನು ನೆಚ್ಚಿಕೊಂಡವರೆಂದು ಶಿಷ್ಯರನ್ನು ಇತರರು 'ಸತ್ತ ಹಸಿದಿಗಳು' ಎಂದು ಹಂಗಿಸಿದರು. ನಾಥಾನ್ ಪೀಠವೇರುವ ಬದಲು ಗುರುವಿನ ಮಾತುಗಳನ್ನು ಬರೆದರು, ಅಚ್ಚು ಹಾಕಿಸಿದರು, ಹೊಸವರ್ಷದ ಹಬ್ಬಕ್ಕೆ ಉಮಾನಿನಲ್ಲಿ ಸೇರುವ ಪದ್ಧತಿಯನ್ನು ಗಟ್ಟಿಗೊಳಿಸಿದರು. ಸೋವಿಯತ್ ಆಡಳಿತ ಯಾತ್ರೆಯನ್ನು ತಡೆದಾಗಲೂ ಕೆಲವರು ಕದ್ದುಮುಚ್ಚಿ ಬಂದರು. 1991ರ ನಂತರ ಬರುವವರ ಸಂಖ್ಯೆ ಸಾವಿರಗಳಿಗೆ, ಹತ್ತಾರು ಸಾವಿರಗಳಿಗೆ ಏರಿತು. 2022ರಲ್ಲಿ ಯುದ್ಧ ನಡೆಯುತ್ತಿದ್ದಾಗಲೂ ಯಾತ್ರಿಕರು ಬರುವುದನ್ನು ಬಿಡಲಿಲ್ಲ. ಪೀಠ ಬರಿದಾಗಿದ್ದರೂ ಪಂಥ ಬರಿದಾಗಲಿಲ್ಲ.