ಬೇಲಿ ಇದ್ದರೆ ಸಾಲದು, ಗೇಟು ತಾನಾಗಿ ಮುಚ್ಚಬೇಕು: ಈಜುಕೊಳವಿರುವ ಮನೆಯವರು ತಿಳಿದಿರಬೇಕಾದ ಲೆಕ್ಕ

ದುಬೈಯಲ್ಲಿ ಕೆಲವು ವರ್ಷ ಲೆಕ್ಕಪತ್ರದ ಕೆಲಸ ಮಾಡಿ ಈಗ ಅಮೆರಿಕದ ಲ್ಯಾನ್‌ಹ್ಯಾಮ್‌ನಲ್ಲಿರುವ ನಾನು ಗಲ್ಫ್‌ನ ಬಾಂಧವರ ಜೊತೆ ಒಂದು ಉಪಯುಕ್ತ ವಿಷಯ ಹಂಚಿಕೊಳ್ಳಬೇಕೆಂದಿದ್ದೇನೆ. ವಾಷಿಂಗ್ಟನ್ ಡಿಸಿಗೆ ಹತ್ತಿರ, ಮೇರಿಲ್ಯಾಂಡ್ ರಾಜ್ಯದ ಪ್ರಿನ್ಸ್ ಜಾರ್ಜ್ಸ್ ಕೌಂಟಿಯಲ್ಲಿರುವ ಈ ಊರು ಇಲ್ಲಿನ ಶ್ರೀ ಶಿವ ವಿಷ್ಣು ದೇವಸ್ಥಾನದಿಂದಾಗಿ ದಕ್ಷಿಣ ಭಾರತದವರಿಗೆ ಪರಿಚಿತ. ಇಲ್ಲಿ ಕೆಲವರು ಹಿತ್ತಿಲಲ್ಲಿ ಈಜುಕೊಳ ಇರುವ ಹಳೇ ಮನೆ ಖರೀದಿಸುತ್ತಾರೆ. ಕಬ್ಬಿಣದ ಅಥವಾ ಅಲ್ಯೂಮಿನಿಯಂ ಬೇಲಿ ಮೊದಲೇ ಇರುತ್ತದೆ. "ಬೇಲಿ ಉಂಟಲ್ಲ, ಸಾಕು" ಅಂದುಕೊಳ್ಳುತ್ತಾರೆ. ಸಾಲದು. ಬೇಲಿಯಲ್ಲಿ ಅಲುಗಾಡುವ ಭಾಗ ಒಂದೇ, ಅದು ಗೇಟು. ಅಪಾಯ ಒಳಗೆ ನುಗ್ಗುವುದೂ ಹೆಚ್ಚಾಗಿ ಅಲ್ಲಿಂದಲೇ.

ಅಮೆರಿಕದಲ್ಲಿ 1ರಿಂದ 4 ವರ್ಷದ ಮಕ್ಕಳ ಸಾವಿಗೆ ಮೊದಲ ಕಾರಣ ನೀರಿನಲ್ಲಿ ಮುಳುಗುವುದು ಎಂದು ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ತೀರಿಕೊಂಡರು.

ಇದು ಅಮೆರಿಕದವರಿಗೆ ಮಾತ್ರ ಸಂಬಂಧಿಸಿದ ವಿಷಯ ಅಂದುಕೊಳ್ಳಬೇಡಿ. ಗಲ್ಫ್‌ನಲ್ಲಿ ನಮ್ಮವರು ಎಷ್ಟೋ ಮಂದಿ ಈಜುಕೊಳವಿರುವ ವಿಲ್ಲಾಗಳಲ್ಲಿ ಡ್ರೈವರ್, ಮನೆಗೆಲಸ, ವಾಚ್‌ಮನ್, ಮೆಂಟೆನೆನ್ಸ್ ಕೆಲಸದಲ್ಲಿದ್ದಾರೆ. ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳನ್ನು ಹೋಂಸ್ಟೇ, ರೆಸಾರ್ಟ್‌ಗಳಿಗೆ ಕರೆದುಕೊಂಡು ಹೋಗುತ್ತೇವೆ. ಕೆಳಗೆ ಕೊಟ್ಟಿರುವ ಅಳತೆ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಮಾರ್ಗಸೂಚಿಯದ್ದು. ಆದರೆ ಮಗುವಿನ ಕೈ, ಕಾಲು, ತಲೆಯ ಅಳತೆ ಎಲ್ಲ ದೇಶದಲ್ಲೂ ಹೆಚ್ಚುಕಡಿಮೆ ಒಂದೇ ತಾನೆ?

ಮೊದಲು ಹಳೇ ಬೇಲಿಯನ್ನು ಅಳೆಯಿರಿ

ಗೇಟು ತರುವ ಮೊದಲು ಒಂದು ಟೇಪು ಹಿಡಿದು ಬೇಲಿಗೆ ಒಂದು ಸುತ್ತು ಬನ್ನಿ. ಬೇಲಿಯೇ ಸರಿಯಿಲ್ಲದಿದ್ದರೆ ಒಳ್ಳೆಯ ಗೇಟಿಗೆ ಹಾಕಿದ ದುಡ್ಡು ದಂಡ.

ಎತ್ತರ: ಹೊರಗಡೆಯಿಂದ ಅಳೆದಾಗ ಕನಿಷ್ಠ 48 ಇಂಚು, ಅಂದರೆ 122 ಸೆಂಟಿಮೀಟರ್. ಸ್ಥಳೀಯ ಆಡಳಿತ ಇದಕ್ಕಿಂತ ಹೆಚ್ಚು ಕೇಳಬಹುದು.

ಕೆಳಗಿನ ಸಂದಿ: ಹುಲ್ಲು ಅಥವಾ ಜಲ್ಲಿ ನೆಲವಾದರೆ 2 ಇಂಚು ಮೀರಬಾರದು. ಕಾಂಕ್ರೀಟ್ ನೆಲವಾದರೆ 4 ಇಂಚು. ಮಣ್ಣನ್ನು ಮಗು ಕೈಯಲ್ಲಿ ಕೆರೆದು ಸಂದಿ ದೊಡ್ಡದು ಮಾಡಬಹುದು, ಅದಕ್ಕೇ ಈ ವ್ಯತ್ಯಾಸ.

ಸರಳುಗಳ ನಡುವಿನ ಸಂದಿ: ಅಡ್ಡಪಟ್ಟಿಗಳ ನಡುವೆ 45 ಇಂಚು ಅಥವಾ ಹೆಚ್ಚು ಅಂತರ ಇದ್ದರೆ, ನೆಟ್ಟಗಿನ ಸರಳುಗಳ ಸಂದಿ 4 ಇಂಚು ಮೀರಬಾರದು. ಅಡ್ಡಪಟ್ಟಿಗಳು ಅದಕ್ಕಿಂತ ಹತ್ತಿರ ಇದ್ದರೆ ಮಗುವಿಗೆ ಅವೇ ಏಣಿ. ಆಗ ಅಡ್ಡಪಟ್ಟಿ ಕೊಳದ ಬದಿಗೆ ಇರಬೇಕು ಮತ್ತು ಸರಳುಗಳ ಸಂದಿ ಒಂದೂಮುಕ್ಕಾಲು ಇಂಚು ಮೀರಬಾರದು, ಪಾದ ಒಳಗೆ ತೂರಬಾರದು ಅಷ್ಟೇ.

ಬೇಲಿಯ ಹೊರಗೆ ಎಸಿ ಯಂತ್ರ, ಹೂಕುಂಡ, ಕುರ್ಚಿ, ಗ್ರಿಲ್ ಇದ್ದರೆ ಅಲ್ಲಿಂದ ತೆಗೆಯಿರಿ. ಮೂರಡಿಯ ಕುರ್ಚಿ ಪಕ್ಕದಲ್ಲಿದ್ದರೆ ನಾಲ್ಕಡಿಯ ಬೇಲಿ ಮಗುವಿಗೆ ಒಂದಡಿ ಮಾತ್ರ.

ಗೇಟು ಯಾವ ಕಡೆಗೆ ತೆರೆಯಬೇಕು?

ಕೊಳದಿಂದ ಹೊರಗಡೆಗೆ. ಇದಕ್ಕೆ ಒಳ್ಳೆಯ ಕಾರಣ ಉಂಟು. ಯಾವತ್ತೋ ಒಂದು ದಿನ ಚಿಲಕ ಪೂರ್ತಿ ಬಿದ್ದಿಲ್ಲ ಅಂತಿಟ್ಟುಕೊಳ್ಳಿ. ಒಳಗೆ ಹೋಗಬೇಕೆಂದು ಮಗು ಗೇಟನ್ನು ದೂಡುತ್ತದೆ. ಗೇಟು ಹೊರಗೆ ತೆರೆಯುವಂಥದ್ದಾದರೆ, ಮಗು ದೂಡಿದಷ್ಟೂ ಅದು ಮುಚ್ಚಿಕೊಳ್ಳುತ್ತದೆ, ಚಿಲಕವೂ ಬೀಳಬಹುದು.

ಹಳೇ ಗೇಟು ಒಳಗೆ ತೆರೆಯುವಂಥದ್ದಾದರೆ ಹಿಂಜ್ ತಿರುಗಿಸಿ ಹಾಕಲು ಆಗುತ್ತದಾ ಎಂದು ಕೆಲಸದವರನ್ನು ಕೇಳಿ. ಹೊರಗೆ ನೆಲ ಏರಾಗಿದ್ದರೆ ಗೇಟು ಉಜ್ಜುತ್ತದೆ, ಆಗ ಜಾಗವನ್ನೇ ಬದಲಿಸಬೇಕು.

ಕಂಬ, ಹಿಂಜ್, ಲ್ಯಾಚ್

ಬೇಲಿಯ ಮಧ್ಯೆ ಇರುವ ಸಾಧಾರಣ ಕಂಬಕ್ಕೆ ಗೇಟು ತೂಗುಹಾಕಬಾರದು. ಒಂದು ಪ್ಯಾನೆಲ್ ತೆಗೆದು, ಎರಡು ಬದಿಗೂ ದಪ್ಪ ಕಂಬ ನೆಟ್ಟು ಕಾಂಕ್ರೀಟ್ ಹಾಕಬೇಕು. ಮೇರಿಲ್ಯಾಂಡ್‌ನಲ್ಲಿ ಚಳಿಗಾಲಕ್ಕೆ ನೆಲ ಹೆಪ್ಪುಗಟ್ಟಿ ಕಂಬವನ್ನು ಮೇಲಕ್ಕೆ ಎತ್ತುತ್ತದೆ. ಆದ್ದರಿಂದ ಗುಂಡಿ ಸುಮಾರು 30 ಇಂಚು ಆಳಕ್ಕೆ ಹೋಗಬೇಕು. ಕಂಬ ಅರ್ಧ ಇಂಚು ವಾಲಿದರೂ ಚಿಲಕ ತನ್ನ ಜಾಗಕ್ಕೆ ಬೀಳದು. ಅಗೆಯುವ ಮೊದಲು 811ಕ್ಕೆ ಫೋನ್ ಮಾಡಿದರೆ ನೆಲದೊಳಗಿನ ಗ್ಯಾಸ್, ಕರೆಂಟ್ ಲೈನ್‌ಗಳನ್ನು ಗುರುತು ಮಾಡಿ ಕೊಡುತ್ತಾರೆ.

ಬೇಲಿ ಯಾವ ಲೋಹದ್ದು ಅಂತ ತಿಳಿಯಲು ಒಂದು ಅಯಸ್ಕಾಂತ ಸಾಕು. ಅಂಟಿಕೊಂಡರೆ ಕಬ್ಬಿಣ, ಇಲ್ಲದಿದ್ದರೆ ಸಾಮಾನ್ಯವಾಗಿ ಅಲ್ಯೂಮಿನಿಯಂ. ಕಬ್ಬಿಣವಾದರೆ ವೆಲ್ಡಿಂಗ್ ಮಾಡಬಹುದು. ಆದರೆ ಕತ್ತರಿಸಿದ, ವೆಲ್ಡ್ ಮಾಡಿದ ಕಡೆಗಳಿಗೆ ಸತುವಿನ ಪ್ರೈಮರ್ ಹಚ್ಚದಿದ್ದರೆ ತುಕ್ಕು ಅಲ್ಲಿಂದಲೇ ಶುರು. ಅಲ್ಯೂಮಿನಿಯಂ ಆದರೆ ಅದೇ ಮಾದರಿಯ ರೆಡಿಮೇಡ್ ಗೇಟು ತರುವುದು ಸುಲಭ.

ಹಿಂಜ್ ಸ್ಪ್ರಿಂಗ್ ಇರುವಂಥದ್ದು ಬೇಕು, ಕೈಬಿಟ್ಟ ಕೂಡಲೇ ಗೇಟನ್ನು ಎಳೆದು ಮುಚ್ಚಬೇಕು. ಲ್ಯಾಚ್ ತಾನಾಗಿ ಬೀಳುವಂಥದ್ದಿರಬೇಕು. ಆಸ್ಟ್ರೇಲಿಯಾದ ಕಂಪನಿಯೊಂದರ ಮ್ಯಾಗ್ನಾಲ್ಯಾಚ್‌ನಂಥ ಅಯಸ್ಕಾಂತದ ಲ್ಯಾಚ್‌ಗಳು ಇಲ್ಲಿ ಸಾಮಾನ್ಯ. ತೆರೆಯುವ ಗುಂಡಿ ಗೇಟಿನ ಕೆಳ ಅಂಚಿನಿಂದ ಕನಿಷ್ಠ 54 ಇಂಚು (137 ಸೆಂ.ಮೀ.) ಎತ್ತರದಲ್ಲಿರಬೇಕು, ಚಿಕ್ಕ ಮಗುವಿನ ಕೈಗೆ ಎಟುಕಬಾರದು. ಗೇಟು ಅಷ್ಟು ಎತ್ತರವಿಲ್ಲದಿದ್ದರೆ ಗುಂಡಿ ಕೊಳದ ಬದಿಗೆ, ಗೇಟಿನ ತುದಿಯಿಂದ ಕನಿಷ್ಠ 3 ಇಂಚು ಕೆಳಗೆ ಇರಬೇಕು. ಅದರ ಸುತ್ತ 18 ಇಂಚಿನೊಳಗೆ ಅರ್ಧ ಇಂಚಿಗಿಂತ ದೊಡ್ಡ ಸಂದಿ ಇರಬಾರದು. ಇಲ್ಲವಾದರೆ ಹೊರಗಿನಿಂದಲೇ ಕೈ ತೂರಿಸಿ ತೆರೆಯಬಹುದು.

ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ದೊಡ್ಡ ಎರಡು ಬಾಗಿಲಿನ ಗೇಟು ಇದ್ದರೆ, ಅದಕ್ಕೆ ಬೀಗ ಹಾಕಿಯೇ ಇಡಿ.

ಮನೆಯ ಹಿಂಬಾಗಿಲು ಮರೆಯಬೇಡಿ

ಎಷ್ಟೋ ಮನೆಗಳಲ್ಲಿ ಬೇಲಿ ಮೂರು ಕಡೆ, ನಾಲ್ಕನೆಯ ಕಡೆ ಮನೆಯ ಗೋಡೆ. ಇಂಥ ಬೇಲಿ ನೆರೆಮನೆಯ ಮಗುವನ್ನು ತಡೆಯುತ್ತದೆ, ನಮ್ಮ ಮಗುವನ್ನಲ್ಲ. ನಮ್ಮದು ಅಡುಗೆಮನೆಯ ಹಿಂಬಾಗಿಲಿನಿಂದ ನೇರ ಕೊಳಕ್ಕೇ ಇಳಿಯುತ್ತದೆ. ಅದಕ್ಕೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೊಳವನ್ನು ಮನೆಯಿಂದಲೂ ಬೇರ್ಪಡಿಸುವ ನಾಲ್ಕು ಬದಿಯ ಬೇಲಿಯನ್ನು ಶಿಫಾರಸು ಮಾಡುತ್ತದೆ. ಹೊಸ ಗೇಟು ಹಾಕಿಸುವಾಗಲೇ ಮನೆಗೂ ಕೊಳಕ್ಕೂ ನಡುವೆ ಒಂದು ಸಾಲು ಬೇಲಿ ಸೇರಿಸಿ, ಗೇಟನ್ನು ಅಲ್ಲಿಗೇ ಕೂರಿಸುವುದು ಒಳ್ಳೆಯದು. ಅದು ಆಗದಿದ್ದರೆ ಹಿಂಬಾಗಿಲಿಗೆ ಅಲಾರಂ ಬೇಕೇ ಬೇಕು.

ಪರವಾನಗಿ ಮತ್ತು ಖರ್ಚು

ಲ್ಯಾನ್‌ಹ್ಯಾಮ್‌ನಲ್ಲಿ ಇಂಥ ಕೆಲಸದ ಪರವಾನಗಿ, ತಪಾಸಣೆ ನೋಡಿಕೊಳ್ಳುವುದು ಕೌಂಟಿಯ ಡಿಪಿಐಇ ಇಲಾಖೆ. ಕೆಲಸ ಶುರು ಮಾಡುವ ಮೊದಲೇ ಅವರನ್ನು ಕೇಳಿ, ಬೇಲಿಯ ಎತ್ತರದ ನಿಯಮವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಮನೆಯ ವಿಮೆ ಮಾಡುವ ಕಂಪನಿಯೂ ಕೊಳಕ್ಕೆ ಬೇಲಿ ಉಂಟಾ ಎಂದು ಕೇಳುತ್ತದೆ. ಪರವಾನಗಿ ಪತ್ರ, ಬಿಲ್ಲು, ಮುಗಿದ ಕೆಲಸದ ಫೋಟೋ ಒಂದೇ ಫೈಲಿನಲ್ಲಿಡಿ.

ಲೆಕ್ಕದವನಾಗಿ ಒಂದು ಮಾತು. ಒಳ್ಳೆಯ ಲ್ಯಾಚ್ ಮತ್ತು ಹಿಂಜ್ ಜೋಡಿಗೆ ಆಗುವ ಖರ್ಚು ಇಡೀ ಕೆಲಸದಲ್ಲಿ ಚಿಕ್ಕ ಬಾಬ್ತು. ಕಂಬ, ಕಾಂಕ್ರೀಟ್, ಕೂಲಿಯದ್ದೇ ದೊಡ್ಡದು. ಹಾಗಿರುವಾಗ ಉಳಿತಾಯ ಅಂತ ಅಗ್ಗದ ಚಿಲಕ ಹಾಕುವುದರಲ್ಲಿ ಅರ್ಥವಿಲ್ಲ. ಇದನ್ನು ಒಂದೇ ಸಲದ ಖರ್ಚು ಎಂದೂ ಬರೆಯಬೇಡಿ. ಸ್ಪ್ರಿಂಗ್ ಸಡಿಲವಾಗುತ್ತದೆ, ಕಂಬ ವಾಲುತ್ತದೆ. ಗಲ್ಫ್‌ನಲ್ಲಾದರೆ ಬಿಸಿಲು, ಧೂಳು, ಸಮುದ್ರದ ಉಪ್ಪು ಗಾಳಿ ಇನ್ನೂ ಬೇಗ ಹಾಳು ಮಾಡುತ್ತವೆ. ಪ್ರತಿ ವರ್ಷ ಸ್ವಲ್ಪ ದುರಸ್ತಿ ಹಣ ಎತ್ತಿಡಿ.

ಎರಡು ನಿಮಿಷದ ಪರೀಕ್ಷೆ

ಗೇಟನ್ನು ಪೂರ್ತಿ ತೆರೆದು ಕೈಬಿಡಿ. ಆಮೇಲೆ ಅರ್ಧ ತೆರೆದು ಬಿಡಿ. ಕೊನೆಗೆ ಎರಡೇ ಇಂಚು ತೆರೆದು ಬಿಡಿ. ಮೂರು ಸಲವೂ ಯಾರೂ ಮುಟ್ಟದೆ ಮುಚ್ಚಿ, ಚಿಲಕ ಬಿದ್ದ ಸದ್ದು ಕೇಳಬೇಕು. ಹೆಚ್ಚಿನ ಗೇಟುಗಳು ಸೋಲುವುದು ಈ ಎರಡಿಂಚಿನ ಪರೀಕ್ಷೆಯಲ್ಲೇ, ಏಕೆಂದರೆ ಅಲ್ಲಿ ಗೇಟಿಗೆ ವೇಗ ಸಿಗುವುದಿಲ್ಲ. ಸೋತರೆ ಸ್ಪ್ರಿಂಗ್ ಬಿಗಿ ಮಾಡಿಸಿ. ತಿಂಗಳಿಗೊಮ್ಮೆ ಮಾಡಿ, ಚಳಿಗಾಲ ಕಳೆದು ಕೊಳ ತೆರೆಯುವ ಮೊದಲು ತಪ್ಪದೇ ಮಾಡಿ. ಗೇಟಿಗೆ ಕಲ್ಲು ಅಡ್ಡ ಇಡುವ, ಹಗ್ಗ ಕಟ್ಟಿ ತೆರೆದಿಡುವ ಅಭ್ಯಾಸ ಯಾರಿಗಿದ್ದರೂ ಬಿಡಿಸಿ. ಪಾರ್ಟಿ ದಿನ ಅಪಾಯ ಹೆಚ್ಚು, ಎಲ್ಲರೂ ಇದ್ದಾರೆ ಅಂತ ಯಾರೂ ನೋಡುವುದಿಲ್ಲ.

ನಮ್ಮ ಊರ ಕಡೆ ಬಾವಿಗೆ ಕಟ್ಟೆ ಕಟ್ಟುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಗೇಟಿನ ವಿಷಯಕ್ಕೆ ಬಂದರೆ, "ಬರುವಾಗ ಗೇಟ್ ಹಾಕಿಕೊಂಡು ಬಾ ಮಾರಾಯ" ಎಂದು ಕೂಗಿ ಹೇಳುವುದೇ ನಮ್ಮ ಪದ್ಧತಿ. ದನ ನುಗ್ಗದ ಹಾಗೆ ಅದು ಸಾಕು. ಈಜುಕೊಳಕ್ಕೆ ಸಾಲದು, ಒಬ್ಬರ ನೆನಪಿನ ಮೇಲೆ ನಿಂತ ಗೇಟು ಇಲ್ಲಿ ಗೇಟೇ ಅಲ್ಲ.

ಹಾಗೆಂದು ಗೇಟು ಇದ್ದರೆ ಎಲ್ಲ ಮುಗಿಯಿತು ಎಂದೂ ಅಲ್ಲ. 2024ರ ನವೆಂಬರ್‌ನಲ್ಲಿ ಉಳ್ಳಾಲ ಬಳಿಯ ಉಚ್ಚಿಲದ ರೆಸಾರ್ಟ್ ಒಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ತೀರಿಕೊಂಡರು. ದೊಡ್ಡವರನ್ನು ಗೇಟು ತಡೆಯುವುದಿಲ್ಲ. ನೀರಿನ ಪಕ್ಕ ಈಜು ಬಲ್ಲ ಒಬ್ಬರು ಮೊಬೈಲ್ ಕೆಳಗಿಟ್ಟು ನೋಡುತ್ತಿರಬೇಕು. ಆ ಒಬ್ಬರ ಕಣ್ಣು ಬೇರೆ ಕಡೆ ಹೋದ ನಿಮಿಷಕ್ಕಾಗಿಯೇ ಗೇಟು ಇರುವುದು.

ನೀವು ಕೆಲಸ ಮಾಡುವ ವಿಲ್ಲಾದಲ್ಲಿ ಈಜುಕೊಳ ಇದ್ದರೆ ಇವತ್ತೇ ಈ ಪರೀಕ್ಷೆ ಮಾಡಿ ನೋಡಿ. ಗೇಟು ಮುಚ್ಚದಿದ್ದರೆ ಮೊಬೈಲ್‌ನಲ್ಲಿ ವಿಡಿಯೋ ತೆಗೆದು ಯಜಮಾನರಿಗೋ ಮೆಂಟೆನೆನ್ಸ್‌ನವರಿಗೋ ಕಳುಹಿಸಿ. ಭಾಷೆ ಬಾರದಿದ್ದರೂ ವಿಡಿಯೋ ಅರ್ಥವಾಗುತ್ತದೆ.