ಶುಶ್ರೂಷಾಗೃಹವನ್ನು ಪರೀಕ್ಷಿಸುವ ಬಗೆ

ವೃದ್ಧರಾದ ತಂದೆತಾಯಿಗಳ ಸೇವೆಯು ಮಕ್ಕಳ ಧರ್ಮವೆಂಬುದನ್ನು ನಮ್ಮವರಿಗೆ ಯಾರೂ ಹೊಸದಾಗಿ ಬೋಧಿಸಬೇಕಾಗಿಲ್ಲ. ಅವಿಭಕ್ತ ಕುಟುಂಬಗಳು ನೆಲೆನಿಂತಿದ್ದ ಕಾಲದಲ್ಲಿ ಈ ಧರ್ಮವನ್ನು ನಡೆಯಿಸುವುದು ಅಷ್ಟೊಂದು ದುಸ್ತರವಾಗಿಯೂ ಇರಲಿಲ್ಲ. ಹಾಸಿಗೆ ಹಿಡಿದ ಅಜ್ಜನ ಬಳಿ ಹಗಲು ಸೊಸೆಯೊಬ್ಬಳು, ರಾತ್ರಿ ಮೊಮ್ಮಗನೊಬ್ಬನು, ಅವರಿಲ್ಲದಾಗ ದೂರದ ನೆಂಟರೊಬ್ಬರು, ಹೀಗೆ ಯಾರಾದರೂ ಇದ್ದೇ ಇರುತ್ತಿದ್ದರು. ಈಗಿನ ಸ್ಥಿತಿಯು ಬೇರೆ. ಮಗನು ಒಂದು ನಗರದಲ್ಲಿ, ಮಗಳು ಪರದೇಶದಲ್ಲಿ. ಊರಿನ ಮನೆಯಲ್ಲಿ ಎಪ್ಪತ್ತು ಕಳೆದ ಗಂಡನು ಲಕ್ವ ಹೊಡೆದ ಹೆಂಡತಿಯನ್ನು ಎತ್ತಿ ಕೂರಿಸಲಾರದೆ ಪರಿತಪಿಸುತ್ತಿರುತ್ತಾನೆ. ಇಂಥವರ ಮಕ್ಕಳು ಹಿರಿಯರನ್ನು ಶುಶ್ರೂಷಾಗೃಹಕ್ಕೆ ಸೇರಿಸಲು ಯೋಚಿಸಿದರೆ ಅವರನ್ನು ಕೃತಘ್ನರೆಂದು ಜರೆಯುವುದು ಸುಲಭ. ಆದರೆ ಅದು ನ್ಯಾಯವಲ್ಲ. ಬಲ್ಲವರ ಕೈಯ ಆರೈಕೆಯು ಮನೆಯವರ ಅರೆಬರೆ ಆರೈಕೆಗಿಂತ ಮೇಲಾಗುವ ಸಂದರ್ಭಗಳುಂಟು. ಆದರೆ ಹಾಗೆ ಒಪ್ಪಿಸುವ ಮೊದಲು ಆ ಕೈಗಳು ಎಂಥವೆಂಬುದನ್ನು ಪರೀಕ್ಷಿಸಿ ನೋಡುವುದು ಮಕ್ಕಳ ಪಾಲಿಗೆ ತಪ್ಪಿಸಲಾಗದ ಕರ್ತವ್ಯ.

ನಮ್ಮಲ್ಲಿ ನರ್ಸಿಂಗ್ ಹೋಂ ಎಂದರೆ ಹೆರಿಗೆ, ಶಸ್ತ್ರಚಿಕಿತ್ಸೆ ಮುಂತಾದವುಗಳಿಗಾಗಿ ಕೆಲವು ದಿನಗಳ ಮಟ್ಟಿಗೆ ಸೇರುವ ಖಾಸಗಿ ಆಸ್ಪತ್ರೆಯೆಂದು ರೂಢಿ. ಇಲ್ಲಿ ಹೇಳಹೊರಟಿರುವುದು, ತಾವಾಗಿ ಏಳಲಾರದ, ಉಣ್ಣಲಾರದ ವೃದ್ಧರನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರಿಸಿಕೊಂಡು ನೋಡಿಕೊಳ್ಳುವ ಮನೆಗಳ ವಿಚಾರ. ನಡೆದಾಡುವ ಹಿರಿಯರಿಗಾಗಿ ಇರುವ ವೃದ್ಧಾಶ್ರಮಗಳು ಬೇರೆ. ಅಲ್ಲಿ ಊಟವೂ ಸಂಗಾತಿಗಳೂ ಮುಖ್ಯವಾದರೆ, ಇಲ್ಲಿ ಒಂದೊಂದು ಗಳಿಗೆಯ ಆರೈಕೆಯೂ ಪ್ರಾಣಕ್ಕೆ ಸಂಬಂಧಪಟ್ಟದ್ದು.

ಸಾಮಾನ್ಯವಾಗಿ ನಾವು ಇಂಥ ಮನೆಯನ್ನು ನೋಡಲು ಹೋಗುವುದು ಹೇಗೆ? ಮುಂಚಿತವಾಗಿ ತಿಳಿಸಿ, ಬೆಳಿಗ್ಗೆ ಹನ್ನೊಂದು ಗಂಟೆಯ ಹೊತ್ತಿಗೆ ಹೋಗುತ್ತೇವೆ. ಹೂದೋಟ, ನುಣುಪಾದ ನೆಲ, ದೇವರ ಕೋಣೆ ಇವು ಕಣ್ಣಿಗೆ ಬೀಳುತ್ತವೆ. ವ್ಯವಸ್ಥಾಪಕರು ವಿನಯದಿಂದ ಮಾತನಾಡಿಸಿ ಕಾಫಿ ಕೊಡುತ್ತಾರೆ. ಜಗಲಿಯಲ್ಲಿ ಕುಳಿತ ಇಬ್ಬರು ಮೂವರು ಹಿರಿಯರು ನಗುಮುಖದಿಂದ ನಮಸ್ಕರಿಸುತ್ತಾರೆ. ನಾವು ತೃಪ್ತರಾಗಿ ಹಣ ಕಟ್ಟಿ ಬರುತ್ತೇವೆ. ಇದರಲ್ಲಿ ಮೋಸವೇನೂ ಇಲ್ಲದಿರಬಹುದು. ಆದರೆ ನಡೆದಾಡಬಲ್ಲವರು, ಮಾತನಾಡಬಲ್ಲವರು ತಮಗೆ ಬೇಕಾದುದನ್ನು ಕೇಳಿ ಪಡೆಯಬಲ್ಲರು. ಅವರನ್ನು ನೋಡಿ ಮನೆಯ ಗುಣವನ್ನು ಅಳೆಯಲಾಗದು. ಮಗ್ಗುಲಾಗಲಾರದವರು, ಬಾಯಾರಿಕೆಯಾಗಿದೆಯೆಂದು ಹೇಳಲಾರದವರು ಅಲ್ಲಿ ಹೇಗಿದ್ದಾರೆ? ರಾತ್ರಿ ಎರಡು ಗಂಟೆಯ ಹೊತ್ತಿನಲ್ಲಿ ಹೇಗಿರುತ್ತಾರೆ? ಈ ಎರಡು ಪ್ರಶ್ನೆಗಳೇ ಶುಶ್ರೂಷಾಗೃಹಕ್ಕೆ ತಕ್ಕ ಒರೆಗಲ್ಲುಗಳು. ಮುಂದೆ ಹೇಳುವುದೆಲ್ಲ ಇವೆರಡರ ವಿವರಣೆಯೇ.

ಮೊದಲನೆಯದಾಗಿ ಕೆಲಸಗಾರರ ವಿಷಯ. ಮೂರು ವರ್ಷ ಶುಶ್ರೂಷಾ ಶಿಕ್ಷಣ ಪಡೆದು ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರನ್ನು ನೋಂದಾಯಿಸಿದ ದಾದಿಯು ಬೇರೆ. ಕೆಲವು ವಾರ ಕೆಲಸ ನೋಡಿ ಕಲಿತ ಆಯಾ ಬೇರೆ. ಇಬ್ಬರೂ ಬೇಕಾದವರೇ. ಆದರೆ ಉಡುಪು ಒಂದೇ ಬಗೆಯದಾಗಿರುವುದರಿಂದ ನೋಡುವವರಿಗೆ ಭೇದ ತಿಳಿಯುವುದಿಲ್ಲ. ಆದುದರಿಂದ, ರಾತ್ರಿಯಲ್ಲಿ ಎಚ್ಚರವಾಗಿರುವವರೆಷ್ಟು ಮಂದಿ, ಅವರಲ್ಲಿ ದಾದಿಯರೆಷ್ಟು, ಅವರು ನೋಡಬೇಕಾದ ಹಾಸಿಗೆ ಹಿಡಿದವರೆಷ್ಟು ಎಂದು ಸ್ಪಷ್ಟವಾಗಿ ಕೇಳಿರಿ. ಆಮೇಲೆ ಒಂದು ಚಿಕ್ಕ ಲೆಕ್ಕ ಮಾಡಿರಿ. ಮಗ್ಗುಲಾಗಲಾರದವರನ್ನು ಎರಡು ಗಂಟೆಗೊಮ್ಮೆ ತಿರುಗಿಸಿ ಮಲಗಿಸಬೇಕೆಂಬುದು ಶುಶ್ರೂಷೆಯ ಹಳೆಯ ನಿಯಮ. ಒಬ್ಬರನ್ನು ತಿರುಗಿಸಿ ಒದ್ದೆ ಬಟ್ಟೆ ಬದಲಿಸಲು ಇಬ್ಬರು ಆಳುಗಳಿಗೆ ಹತ್ತು ನಿಮಿಷ ಹಿಡಿಯಿತೆನ್ನಿರಿ. ಹನ್ನೆರಡು ಮಂದಿಯನ್ನು ತಿರುಗಿಸುವಷ್ಟರಲ್ಲಿ ಎರಡು ಗಂಟೆ ಕಳೆದು, ಮೊದಲನೆಯವರ ಸರದಿ ಮತ್ತೆ ಬಂದಿರುತ್ತದೆ. ಹಾಗಿರುವಲ್ಲಿ ಇಪ್ಪತ್ತೈದು ಮಂದಿಗೆ ರಾತ್ರಿ ಇಬ್ಬರೇ ಇದ್ದಾರೆಂದರೆ, ಅವರು ಎಷ್ಟೇ ಕರುಣಾಳುಗಳಾಗಿರಲಿ, ಆ ಕೆಲಸ ನಡೆಯುತ್ತಿಲ್ಲವೆಂದೇ ಅರ್ಥ. ದಯೆಯು ಸಂಖ್ಯೆಯ ಕೊರತೆಯನ್ನು ತುಂಬಲಾರದು. ಆಳುಗಳು ಎಷ್ಟು ಕಾಲದಿಂದ ಅಲ್ಲಿದ್ದಾರೆಂಬುದನ್ನೂ ವಿಚಾರಿಸಿರಿ. ತಿಂಗಳಿಗೊಬ್ಬರು ಬಿಟ್ಟು ಹೋಗುವ ಮನೆಯಲ್ಲಿ ರೋಗಿಯ ಅಭ್ಯಾಸಗಳನ್ನು ಬಲ್ಲವರು ಯಾರೂ ಉಳಿದಿರುವುದಿಲ್ಲ.

ಈ ಲೆಕ್ಕವು ಸರಿಯೋ ತಪ್ಪೋ ಎಂಬುದಕ್ಕೆ ರೋಗಿಯ ಮೈಯೇ ಸಾಕ್ಷಿ. ಒಂದೇ ಮಗ್ಗುಲಲ್ಲಿ ಬಹುಕಾಲ ಮಲಗಿದರೆ ಮೂಳೆಯ ಒತ್ತಡದಿಂದ ಚರ್ಮಕ್ಕೆ ರಕ್ತವು ಹರಿಯದೆ ಹಾಸಿಗೆ ಹುಣ್ಣು ಹುಟ್ಟುತ್ತದೆ. ಸೊಂಟದ ಹಿಂಭಾಗ, ತೊಡೆಯ ಮೇಲಿನ ಮೂಳೆ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ ಇವು ಅದರ ಸ್ಥಾನಗಳು. ಮೊದಲು ಚರ್ಮವು ಕೆಂಪಾಗುತ್ತದೆ. ಬೆರಳಿನಿಂದ ಒತ್ತಿದರೂ ಆ ಕೆಂಪು ಮಾಸುವುದಿಲ್ಲ. ನಮ್ಮವರ ಕಪ್ಪು ಮೈಬಣ್ಣದಲ್ಲಿ ಕೆಂಪು ಸುಲಭವಾಗಿ ಕಾಣದಿರುವುದರಿಂದ, ಆ ಸ್ಥಳವು ಸುತ್ತಲಿಗಿಂತ ಕಪ್ಪಾಗಿದೆಯೇ, ಬಿಸಿಯಾಗಿದೆಯೇ, ಗಡುಸಾಗಿದೆಯೇ ಎಂದು ಮುಟ್ಟಿ ನೋಡಬೇಕು. ಅಲಕ್ಷ್ಯ ಮಾಡಿದರೆ ಹುಣ್ಣು ಮೂಳೆಯವರೆಗೂ ಇಳಿದು, ನಂಜೇರಿ ಪ್ರಾಣಾಪಾಯವಾಗುವುದುಂಟು. “ನಿಮ್ಮಲ್ಲಿ ಈಗ ಹಾಸಿಗೆ ಹುಣ್ಣು ಎಷ್ಟು ಮಂದಿಗಿದೆ? ಅವುಗಳಲ್ಲಿ ಇಲ್ಲಿ ಬಂದ ಮೇಲೆ ಆದವು ಎಷ್ಟು?” ಎಂದು ಕೇಳಿರಿ. ಒಳ್ಳೆಯ ಮನೆಯವರು ಪುಸ್ತಕ ತೆರೆದು ತೋರಿಸುತ್ತಾರೆ. ಮಾತು ಮರೆಸುವವರಿದ್ದರೆ ಎಚ್ಚರದಿಂದಿರಿ. ಉಗುರು ಕತ್ತರಿಸಿದೆಯೇ, ಬಾಯಿ ಶುಚಿಯಾಗಿದೆಯೇ, ಉಟ್ಟ ಬಟ್ಟೆ ಒಣಗಿದೆಯೇ ಎಂಬ ಸಣ್ಣ ಸಂಗತಿಗಳೂ ದೊಡ್ಡ ಕಥೆಯನ್ನೇ ಹೇಳುತ್ತವೆ. ಮೂತ್ರದ ನಾತವು ಒಂದು ಮೂಲೆಯಲ್ಲಿ ಒಂದು ಗಳಿಗೆ ಬಂದರೆ ಅದು ಸಹಜ. ಮನೆಯೆಲ್ಲ ತುಂಬಿದ್ದರೆ, ಅಥವಾ ಅದನ್ನು ಅಡಗಿಸುವ ಸುವಾಸನೆಯ ದ್ರವವೇ ತುಂಬಿದ್ದರೆ, ಅದು ಸಹಜವಲ್ಲ.

ಎರಡನೆಯದು ಅನ್ನಪಾನಗಳು. ಊಟದ ಹೊತ್ತಿಗೇ ಒಮ್ಮೆ ಹೋಗಿರಿ. ಮುಂದಿಟ್ಟ ತಟ್ಟೆಯನ್ನು ನೋಡುವುದಕ್ಕಿಂತ ಹಿಂದಕ್ಕೆ ಹೋಗುವ ತಟ್ಟೆಯನ್ನು ನೋಡಿರಿ. ಕೈ ನಡುಗುವ ಮುದುಕಿಯ ಮುಂದೆ ಅನ್ನವಿಟ್ಟು, ಅರ್ಧ ಗಂಟೆಯ ಮೇಲೆ ಹಾಗೆಯೇ ತೆಗೆದುಕೊಂಡು ಹೋಗಿ, ಬಡಿಸಿದೆವೆಂದು ಬರೆದುಕೊಳ್ಳುವ ಮನೆಗಳಿಲ್ಲವೆನ್ನಲಾಗದು. ವಯಸ್ಸಾದವರಿಗೆ ಬಾಯಾರಿಕೆಯು ತೋರುವುದೇ ಕಡಿಮೆ. ನೀರು ಸಾಲದಾದಾಗ ಬುದ್ಧಿ ಮಂಕಾಗಿ, ಅರಳುಮರಳೆಂದು ತಪ್ಪು ತಿಳಿಯುವುದಕ್ಕೆ ಎಡೆಯಾಗುತ್ತದೆ. ಲಕ್ವದಿಂದ ನುಂಗುವ ಶಕ್ತಿ ಕುಂದಿದವರಿಗೆ ಮಲಗಿಸಿಕೊಂಡೇ ಗಂಜಿ ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ನೆಟ್ಟಗೆ ಕೂರಿಸಿ, ಸ್ವಲ್ಪಸ್ವಲ್ಪವಾಗಿ ಉಣಿಸಿ, ಆಮೇಲೂ ಅರ್ಧ ಗಂಟೆ ಕೂರಿಸಿರಬೇಕು. ಪ್ರತಿ ತಿಂಗಳೂ ತೂಕ ನೋಡಿ ಬರೆದಿಡುತ್ತಾರೆಯೇ ಎಂದು ಕೇಳಿರಿ. ಊಟದ ಪಟ್ಟಿಯು ಹೇಳದ ಸತ್ಯವನ್ನು ತಕ್ಕಡಿಯು ಹೇಳುತ್ತದೆ.

ಮೂರನೆಯದು ಔಷಧಗಳು. ಯಾರಿಗೆ, ಯಾವುದು, ಎಷ್ಟು, ಯಾವಾಗ, ಯಾವ ಮಾರ್ಗದಿಂದ ಎಂಬ ಐದೂ ಸರಿಯಾಗಿರಬೇಕು. ಕೊಟ್ಟವರು ಕೊಟ್ಟ ಕೂಡಲೇ ರುಜು ಹಾಕಬೇಕು. ಇಡೀ ದಿನದ ರುಜುಗಳನ್ನು ಸಾಯಂಕಾಲ ಒಟ್ಟಿಗೆ ಹಾಕಿದ್ದರೆ ಮಸಿಯನ್ನು ನೋಡಿದರೇ ತಿಳಿದೀತು. ಇಲ್ಲಿ ಮತ್ತೊಂದು ಅಪಾಯವುಂಟು. ಅರಳುಮರಳಾದ ಮುದುಕರು ರಾತ್ರಿ ಕೂಗುತ್ತಾರೆ, ಎದ್ದು ಹೋಗಲೆತ್ನಿಸುತ್ತಾರೆ. ಆಳುಗಳು ಸಾಲದ ಮನೆಯಲ್ಲಿ ಅವರನ್ನು ಸುಮ್ಮನಿರಿಸಲು ಮಂಪರಿನ ಮಾತ್ರೆಗಳನ್ನು ಕೊಡುವ, ಮಂಚಕ್ಕೆ ಕೈ ಕಟ್ಟುವ ದುರಭ್ಯಾಸ ಬೆಳೆಯುತ್ತದೆ. ಮನೋರೋಗಕ್ಕೆ ಕೊಡುವ ಕೆಲವು ಬಗೆಯ ಔಷಧಗಳಿಂದ ಅರಳುಮರಳಿನ ವೃದ್ಧರಲ್ಲಿ ಸಾವಿನ ಸಂಭವ ಹೆಚ್ಚುವುದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ೨೦೦೫ರಲ್ಲಿಯೇ ಎಚ್ಚರಿಕೆ ಕೊಟ್ಟಿತು. ಹಗಲೆಲ್ಲ ತೂಕಡಿಸುತ್ತಿರುವವರು ಬಹುಮಂದಿ ಕಂಡುಬಂದರೆ, ಆ ಶಾಂತಿಯು ಎಲ್ಲಿಂದ ಬಂತೆಂದು ಕೇಳಬೇಕು.

ನಾಲ್ಕನೆಯದು ಅಪಘಾತಗಳಿಂದ ರಕ್ಷಣೆ. ಬಚ್ಚಲಿನಲ್ಲಿ ಹಿಡಿಕೆಗಳಿವೆಯೇ, ನೆಲವು ಜಾರದಂತಿದೆಯೇ, ಹಾಸಿಗೆಯಿಂದ ಕೈಗೆ ಎಟುಕುವಂತೆ ಕರೆಗಂಟೆ ಇದೆಯೇ, ರಾತ್ರಿ ದಾರಿಯಲ್ಲಿ ದೀಪ ಉರಿಯುತ್ತದೆಯೇ ನೋಡಿರಿ. ಕರೆಗಂಟೆಯನ್ನು ನೀವೇ ಒಮ್ಮೆ ಒತ್ತಿ, ಯಾರಾದರೂ ಬರಲು ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡಿರಿ. ಮುದುಕರ ತೊಡೆಯ ಮೂಳೆ ಒಮ್ಮೆ ಮುರಿದರೆ ಅನೇಕರು ಮತ್ತೆ ಮೊದಲಿನಂತೆ ನಡೆಯುವುದಿಲ್ಲ. ಬೆಂಕಿಯ ವಿಚಾರವನ್ನಂತೂ ಮರೆಯಲೇಕೂಡದು. ೨೦೧೧ರ ಡಿಸೆಂಬರ್ ೯ರ ಬೆಳಗಿನ ಜಾವ ಕೊಲ್ಕತ್ತದ ಧಾಕುರಿಯಾ ಪ್ರದೇಶದ ಖಾಸಗಿ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಬೆಂಕಿ ಹೊತ್ತಿಕೊಂಡಿತು. ಹೊಗೆಯು ಮೇಲಂತಸ್ತುಗಳಿಗೆ ಹಬ್ಬಿ ಸುಮಾರು ೯೦ ಮಂದಿ ಮಡಿದರು. ಅವರಲ್ಲಿ ಹೆಚ್ಚಿನವರು ಎದ್ದು ಓಡಲಾರದ ರೋಗಿಗಳು. ಅವರನ್ನು ಕೊಂದುದು ಉರಿಗಿಂತಲೂ ಹೆಚ್ಚಾಗಿ ಹೊಗೆ. ಆದುದರಿಂದ, ಎರಡನೆಯ ಬಾಗಿಲು ಎಲ್ಲಿದೆ, ಅದಕ್ಕೆ ರಾತ್ರಿ ಬೀಗ ಹಾಕುತ್ತಾರೆಯೇ, ಬೀಗದ ಕೈ ಯಾರ ಬಳಿ, ಮಹಡಿಯ ಮೇಲಿನವರನ್ನು ಹೊತ್ತು ಇಳಿಸುವವರು ಯಾರು ಎಂದು ಕೇಳುವುದು ಅನುಮಾನದ ಸ್ವಭಾವವಲ್ಲ, ವಿವೇಕ.

ಐದನೆಯದು ಕೈ ತೊಳೆಯುವುದು. ಇಷ್ಟು ಸಣ್ಣ ವಿಷಯವೇ ಎಂದು ನಗುವವರು ವಿಯೆನ್ನಾ ನಗರದ ವೃತ್ತಾಂತವನ್ನು ಕೇಳಬೇಕು. ಅಲ್ಲಿಯ ದೊಡ್ಡಾಸ್ಪತ್ರೆಯ ಹೆರಿಗೆಯ ವಿಭಾಗದಲ್ಲಿ ೧೮೪೭ರಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು, ಕ್ಲೋರಿನ್ ಕೂಡಿದ ಸುಣ್ಣದ ನೀರಿನಲ್ಲಿ ಕೈ ತೊಳೆಯದೆ ಯಾರೂ ಗರ್ಭಿಣಿಯರನ್ನು ಪರೀಕ್ಷಿಸಕೂಡದೆಂದು ಕಟ್ಟಳೆ ಮಾಡಿದನು. ಆ ವರ್ಷದ ಏಪ್ರಿಲಿನಲ್ಲಿ ನೂರಕ್ಕೆ ೧೮ರಷ್ಟಿದ್ದ ಬಾಣಂತಿಯರ ಮರಣವು ಜೂನಿನ ಹೊತ್ತಿಗೆ ನೂರಕ್ಕೆ ೨ರ ಸುಮಾರಿಗೆ ಇಳಿಯಿತು. ಒಬ್ಬ ರೋಗಿಯಿಂದ ಇನ್ನೊಬ್ಬ ರೋಗಿಯ ಬಳಿಗೆ ಹೋಗುವಾಗ ದಾದಿಯು ಕೈ ತೊಳೆಯುವಳೇ ಎಂಬುದನ್ನು ಕಾಲು ಗಂಟೆ ಸುಮ್ಮನೆ ಕುಳಿತು ನೋಡಿದರೆ ಗೊತ್ತಾಗುತ್ತದೆ.

ಇದನ್ನೆಲ್ಲ ಗೃಹಸ್ಥನೊಬ್ಬನೇ ನೋಡಬೇಕೇ, ಸರ್ಕಾರಕ್ಕೆ ಹೊಣೆಯಿಲ್ಲವೇ ಎಂದು ವಾಚಕರು ಕೇಳಬಹುದು. ಇಂಥ ಮನೆಗಳು ಬಹಳವಾಗಿರುವ ಅಮೆರಿಕದಲ್ಲಿ ೧೯೮೭ರ ಒಂದು ಶಾಸನವು ವೃದ್ಧರ ಹಕ್ಕುಗಳನ್ನು ಗೊತ್ತುಪಡಿಸಿ, ಆಳುಗಳ ಅನುಕೂಲಕ್ಕಾಗಿ ಅವರನ್ನು ಕಟ್ಟುವುದನ್ನೂ ಮಂಪರಿನಲ್ಲಿಡುವುದನ್ನೂ ನಿಷೇಧಿಸಿತು. ೨೦೦೮ರ ಡಿಸೆಂಬರಿನಿಂದ ಅಲ್ಲಿಯ ಸರ್ಕಾರವು ಒಂದೊಂದು ಮನೆಗೂ ಒಂದರಿಂದ ಐದು ನಕ್ಷತ್ರಗಳವರೆಗೆ ಅಂತಸ್ತು ಕೊಟ್ಟು ಪ್ರಕಟಿಸುತ್ತಿದೆ. ಅಧಿಕಾರಿಗಳ ತನಿಖೆ, ಆಳುಗಳ ಸಂಖ್ಯೆ, ರೋಗಿಗಳ ಸ್ಥಿತಿಗತಿ ಇವು ಮೂರು ಅದಕ್ಕೆ ಆಧಾರ. ಆದರೆ ಮೊದಮೊದಲು ಆಳುಗಳ ಲೆಕ್ಕವನ್ನು ಮನೆಯವರೇ ಹೇಳಿದಂತೆ ನಂಬಲಾಗುತ್ತಿತ್ತು. ೨೦೧೬ರಿಂದ ಸಂಬಳದ ಪಟ್ಟಿಯನ್ನು ಆಧರಿಸಿದ ಲೆಕ್ಕ ಒಪ್ಪಿಸಬೇಕೆಂದು ವಿಧಿಸಬೇಕಾಯಿತು. ನಕ್ಷತ್ರಗಳನ್ನು ಮಾತ್ರ ನಂಬದೆ ಸ್ವತಃ ಹೋಗಿ ನೋಡಿರೆಂದು ಅಲ್ಲಿಯ ಸರ್ಕಾರವೇ ಜನರಿಗೆ ಹೇಳುತ್ತದೆ. ಹಾಗಿದ್ದ ಮೇಲೆ, ಅಂಥ ನಕ್ಷತ್ರಗಳ ಏರ್ಪಾಡೇ ಇಲ್ಲದ ನಮ್ಮಲ್ಲಿ ಕಣ್ಣಾರೆ ನೋಡುವುದು ಇನ್ನೆಷ್ಟು ಅವಶ್ಯಕ!

ನಮ್ಮಲ್ಲಿಯೂ ಕಾಯಿದೆಗಳು ಇಲ್ಲದಿಲ್ಲ. ಚಿಕಿತ್ಸೆ ನಡೆಸುವ ಖಾಸಗಿ ಸಂಸ್ಥೆಗಳು ೨೦೦೭ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಂತೆ ನೋಂದಣಿಯಾಗಿರಬೇಕು. ಆ ಪತ್ರವನ್ನು ಕೇಳಿ ನೋಡಿರಿ. ಅದೇ ೨೦೦೭ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ಕೇಂದ್ರ ಸರ್ಕಾರವು ಮಾಡಿದ ಕಾಯಿದೆಯಂತೆ, ಹಿರಿಯರನ್ನು ನೋಡಿಕೊಳ್ಳಬೇಕಾದವರು ಅವರನ್ನು ಪೂರ್ಣವಾಗಿ ತೊರೆಯುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟುಹೋದರೆ ಮೂರು ತಿಂಗಳವರೆಗೆ ಸೆರೆವಾಸ, ೫,೦೦೦ ರೂಪಾಯಿಯವರೆಗೆ ಜುಲ್ಮಾನೆ, ಅಥವಾ ಇವೆರಡೂ ಆಗಬಹುದು. ಹಿರಿಯರ ಕಷ್ಟಗಳನ್ನು ತಿಳಿಸಲು ೧೪೫೬೭ ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ.

ಹಣದ ವಿಚಾರದಲ್ಲಿ ಸಂಕೋಚಪಡಬೇಡಿರಿ. ತಿಂಗಳ ಶುಲ್ಕದಲ್ಲಿ ಔಷಧ, ಡೈಪರು, ವೈದ್ಯರ ಭೇಟಿ ಸೇರಿವೆಯೇ, ಮುಂಗಡವು ಯಾವಾಗ ಹಿಂದಿರುಗುತ್ತದೆ, ನಡುರಾತ್ರಿ ಕಾಯಿಲೆ ಹೆಚ್ಚಿದರೆ ಯಾವ ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ, ನಿಮಗೆ ಎಷ್ಟು ಹೊತ್ತಿಗೆ ತಿಳಿಸುತ್ತಾರೆ ಎಂಬುದನ್ನೆಲ್ಲ ಬರಹದಲ್ಲಿ ಪಡೆಯಿರಿ. ಇವೆಲ್ಲಕ್ಕಿಂತ ಮೊದಲು, ಸೇರಬೇಕಾದವರನ್ನೇ ಕೇಳಿರಿ. ಬುದ್ಧಿ ನೆಟ್ಟಗಿರುವ ತಾಯಿಯನ್ನು ನಾಲ್ಕು ದಿನ ನೆಂಟರ ಮನೆಗೆಂದು ಹೇಳಿ ಕರೆದೊಯ್ದು ಬಿಟ್ಟುಬರುವುದು, ಮನೆಯು ಎಷ್ಟೇ ಒಳ್ಳೆಯದಾಗಿದ್ದರೂ, ದ್ರೋಹವೇ ಸರಿ.

ಸೇರಿಸಿದ ಮೇಲೆ ನಿಮ್ಮ ಕೆಲಸವು ಮುಗಿಯಿತೆಂದು ತಿಳಿಯಬೇಡಿರಿ. ಬಂದು ನೋಡುವವರಿರುವ ರೋಗಿಯ ಹಾಸಿಗೆಗೆ ಆಳುಗಳು ಮೊದಲು ಹೋಗುವುದು ಮನುಷ್ಯಸ್ವಭಾವ. ಗೊತ್ತಾದ ದಿನವನ್ನು ಬಿಟ್ಟು ಆಗಾಗ ಹೇಳದೆ ಹೋಗಿರಿ. ಯಾವ ಹೊತ್ತಿಗೆ ಹೋದರೂ ಒಳಗೆ ಬಿಡದ ಮನೆಯನ್ನು ಮೊದಲೇ ಬಿಡಿರಿ. ದೂರದಲ್ಲಿರುವವರು ಊರಿನ ಬಂಧುಗಳಲ್ಲಿಯೋ ಸ್ನೇಹಿತರಲ್ಲಿಯೋ ಒಬ್ಬರಿಗೆ ಈ ಭಾರವನ್ನು ಒಪ್ಪಿಸಬೇಕು. ಹೋದಾಗ ಕುರ್ಚಿಯಲ್ಲಿ ಕುಳಿತು ಮಾತನಾಡಿ ಬಂದರೆ ಸಾಲದು. ಹೊದಿಕೆಯನ್ನು ಸರಿಸಿ ಹಿಮ್ಮಡಿಯನ್ನು ನೋಡಿರಿ, ಬೆನ್ನನ್ನು ಮುಟ್ಟಿ ನೋಡಿರಿ, ಒಂದು ಲೋಟ ನೀರನ್ನು ನಿಮ್ಮ ಕೈಯಿಂದ ಕುಡಿಯಿಸಿರಿ. ದಾದಿಯ ಹೆಸರನ್ನು ತಿಳಿದುಕೊಂಡು, ಆಕೆ ಮಾಡಿದ ಒಳ್ಳೆಯ ಕೆಲಸವನ್ನು ಆಕೆಯ ಎದುರಿಗೇ ಹೊಗಳಿರಿ. ತಪ್ಪು ಕಂಡರೆ ಮೇಲಿನವರಿಗೆ ಬರೆದು ತಿಳಿಸಿರಿ. ನಮ್ಮ ಮನೆಯ ಹಿರಿಯರನ್ನು ಹೊರಗಿನವರು ಎತ್ತಿ ಮಲಗಿಸಬಹುದು, ಉಣಿಸಬಹುದು; ಆದರೆ ಅವರನ್ನು ಕೇಳುವವರಿದ್ದಾರೆಂಬುದನ್ನು ತೋರಿಸಿಕೊಡಬೇಕಾದವರು ನಾವೇ.